ಆರೈಕೆಗೂ ಮುಯ್ಯಾಳು ಬೇಕು

ಪುಷ್ಯ ಮಳಿ ಜಿಟಿಜಿಟಿ ಹಿಡಿದು ನಾಲ್ಕು ದಿನ ಆತು. ಗೋವಿನಜೋಳ ಎದೆಮಟ ಬಂದೈತಿ, ಎರಡನೇ ಎಡಿ ಮುಗಿದೈತಿ, ಮೇಲುಗೊಬ್ಬರ ಒಂದು ಹೊಲಕ್ಕ ಬಾಕಿ. ಕೂರಿಗಿ ಬತ್ತದಾಗ ಕಳೆ ಹಂಗೇ ನಿಂತೈತಿ. ಸೈನಿಕ ಹುಳದ ಸುದ್ದಿ ಬರೀತೀನಿ ಅಂತ ಹೋದ ಸಲ ಹೇಳಿದ್ದೆ, ಅದು ಮುಂದಿನ ವಾರ. ಈ ಸಲ ಆಳಿನ ಸುದ್ದಿ. ಆದರೆ ಹೊಲದ ಆಳಲ್ಲ, ಮನಿ ಒಳಗಿನ ಆಳು.

ಆಳು ಸಿಗವಲ್ಲು ಅಂತ ನಾವೆಲ್ಲರೂ ಗೊಣಗುತ್ತೇವೆ. ನಮ್ಮ ಕಡೆ ಹೆಣ್ಣಾಳಿಗೆ 350 ರೂಪಾಯಿ, ಕರಕೊಂಡು ಬರೋ ಟಂಟಂ ಬಾಡಿಗಿ ಬ್ಯಾರೆ. ಹಂಗಾದ್ರ ಒಂದು ಲೆಕ್ಕ ಹಾಕೋಣ ಬರ್ರಿ. ನಮ್ಮ ಮನ್ಯಾಗ ದುಡಿಯೋರು ಮೂರು ಮಂದಿ: ನಾನು, ನನ್ನ ಹೆಂಡತಿ, ಅವ್ವ. ರಜಾಕ್ಕ ಬಂದರ ಮಗಳು. ಇದರಾಗ ಅವ್ವ ಮತ್ತು ನನ್ನ ಹೆಂಡತಿ ಮೂರು ವರ್ಷದಿಂದ ಹೊಲ ಕಂಡಿದ್ದೇ ಕಡಿಮಿ. ಅವರೇನು ಸುಮ್ಮನೆ ಕುಂತಿಲ್ಲ. ಹೊಲದ ಆಳಿಗೆ ಸಂಜಿಗೆ ಬಿಡುಗಡಿ ಐತಿ, ಅವರಿಗೆ ಅದೂ ಇಲ್ಲ.

ನನ್ನ ಅಪ್ಪಗ 2022ರ ಹಿಂಗಾರಿನಾಗ ಲಕ್ವಾ ಹೊಡೀತು. ಕಡಲಿ ಬಿತ್ತೋ ಕಾಲ. ಬಲಗೈ, ಬಲಗಾಲು ಬಿದ್ದವು, ಮಾತು ಹೋತು. ಮೊದಲ ಆರು ತಿಂಗಳು ಕಸರತ್ತು ಮಾಡಿಸಿ ಮಾಡಿಸಿ, ಕೋಲು ಹಿಡಿದು ಪಡಸಾಲಿ ತನಕ ಬರೋ ಹಂಗ ಆಗಿದ್ದ. ಆಮ್ಯಾಲೆ ಬಚ್ಚಲದಾಗ ಜಾರಿ ಸೊಂಟದ ಎಲುಬು ಮುರೀತು. ಅಲ್ಲಿಂದ ಹಾಸಿಗಿನೇ.

ಹಾಸಿಗಿ ಹಿಡಿದವರನ್ನ ನೋಡಿಕೊಂಡವರಿಗೆ ನಾನು ಹೇಳಬೇಕಾಗಿಲ್ಲ. ನೋಡಿಕೊಳ್ಳದವರಿಗೆ ಹೇಳತೀನಿ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲಾಂದ್ರ ಬೆನ್ನಾಗ, ಹಿಮ್ಮಡದಾಗ ಹುಣ್ಣು ಬೀಳತಾವ. ಎರಡು ತಾಸು ಅಂದ್ರ ರಾತ್ರಿನೂ ಎರಡೇ ತಾಸು. ಹಾವೇರಿಯಿಂದ ಗಾಳಿ ಹಾಸಿಗಿ ತಂದೀವಿ. ಅದು ಇದ್ದರೂ ಮಗ್ಗಲು ಬದಲಿಸೋದು ತಪ್ಪಂಗಿಲ್ಲ, ಕರೆಂಟ್ ಹೋದರ ಅದರ ಪಂಪೂ ನಿಲ್ಲತೈತಿ. ನಮ್ಮ ಕಡೆ ಕರೆಂಟಿನ ಹಣೇಬಾರ ನಿಮಗ ಗೊತ್ತೇ ಐತಿ. ತೆಳ್ಳನ ನೀರು ಕುಡಿಸಿದರ ನೆತ್ತಿಗೆ ಹತ್ತತೈತಿ, ಅದಕ್ಕ ಗಂಜಿ ಸ್ವಲ್ಪ ಗಟ್ಟಿ ಮಾಡಿ, ತಲಿ ಎತ್ತಿ ಹಿಡಿದು, ಚಮಚದಲೆ. ಒಂದು ಬಟ್ಟಲ ರವಾ ಗಂಜಿಗೆ ಮುಕ್ಕಾಲು ತಾಸು. ಮೈ ತೊಳೆಯಾಕ ಇಬ್ಬರು ಬೇಕು. ಬಟ್ಟಿ, ಹಾಸಿಗಿ, ಒಣಹಾಕೋದು, ಅದೂ ಈ ಮಳಿಯಾಗ.

ಇದೆಲ್ಲಾ ಕೈ ಕಾಲಿನ ಕೆಲಸ. ರೈತರ ಮನಿಯವರಿಗೆ ಕೈ ಕಾಲಿನ ಕೆಲಸ ದೊಡ್ಡದಲ್ಲ. ಆಕಳು ಈಯೋ ಮುಂದ ರಾತ್ರಿಯೆಲ್ಲಾ ಕುಂತವರು ನಾವು. ಬ್ಯಾಸರ ಬರೋದು ಬ್ಯಾರೆ ಕಡಿಂದ.

ಅಪ್ಪಗ ಉಳಿದಿರೋದು ಒಂದೇ ಮಾತು. "ಬ್ಯಾಡ". ಲಕ್ವಾದಾಗ ಮಾತು ಹೋದ ಕೆಲವರಿಗೆ ಹಿಂಗ ಒಂದು ಶಬ್ದ ಮಾತ್ರ ಉಳೀತೈತಿ, ಎಲ್ಲಾದಕ್ಕೂ ಅದೇ ಬರತೈತಿ ಅಂತ ಡಾಕ್ಟರು ಹೇಳಿದರು. ಹಸಿವಾದರೂ ಬ್ಯಾಡ, ನೀರು ಬೇಕಾದರೂ ಬ್ಯಾಡ, ಮೊಮ್ಮಗಳು ಬಂದರ ನಗತಾ ಬ್ಯಾಡ. ಅವನಿಗೆ ಬೇಕು ಅಂತನೇ ಇರತೈತಿ ಮನಸ್ಸಿನಾಗ. ಅದು ನಮಗೆಲ್ಲಾ ಗೊತ್ತು. ಆದರೂ ಬಿಸಿ ಗಂಜಿ ಹಿಡಕೊಂಡು ಕುಂತವರಿಗೆ ದಿನಾ ನಲವತ್ತು ಸಲ ಬ್ಯಾಡ ಕೇಳೋದು ಅಂದ್ರ ಸಣ್ಣ ಮಾತಲ್ಲ. "ಗೊತ್ತಿದ್ದೂ ಕಿವಿಗೆ ಚುಚ್ಚತೈತಿ" ಅಂತ ನನ್ನ ಹೆಂಡತಿ ಒಮ್ಮೆ ಅಂದಳು. ಅಷ್ಟೇ ಅಂದಳು, ಮತ್ತ ಅನಲಿಲ್ಲ.

ಇನ್ನು ನೋಡಾಕ ಬರೋ ಮಂದಿ. ಮೊದಲ ಹದಿನೈದು ದಿನ ಮನಿ ತುಂಬ ಜನ. ಒಬ್ಬೊಬ್ಬರು ಒಂದು ಬಿಸ್ಕಿಟ್ ಪುಡಿಕಿ, ಎರಡು ಎಳನೀರು. ಎಲ್ಲರಿಗೂ ಚಾ ಮಾಡಬೇಕು. ಯಾವ ಊರಾಗ ಲಕ್ವಾದ ಔಷಧ ಕೊಡತಾರ ಅನ್ನೋದು ಎಲ್ಲರಿಗೂ ಗೊತ್ತು, ಒಬ್ಬರು ಹೇಳಿದ ಊರು ಇನ್ನೊಬ್ಬರು ಹೇಳಂಗಿಲ್ಲ. ತಿಂಗಳಾದ ಮ್ಯಾಲ ಯಾರೂ ಇಲ್ಲ. ಇದು ಯಾರದೂ ತಪ್ಪಲ್ಲ, ಅವರವರ ಹೊಲ ಅವರಿಗೆ ಐತಿ. ಆದರ ಬ್ಯಾನಿಗೆ ಹದಿನೈದು ದಿನದ ಆಯುಷ್ಯ ಅಂತ ಊರು ತಿಳಕೊಂಡಂಗ ಕಾಣತೈತಿ. ನಮ್ಮ ಮನ್ಯಾಗ ಅದಕ್ಕ ಮೂರನೇ ವರ್ಷ.

ಬರೋದು ನಿಂತ ಮ್ಯಾಲ ಮಾತು ಶುರು ಆಗತಾವ. ಹೊಗಳಿಕಿ ಒಂದು, ಅನುಮಾನ ಒಂದು. "ನಿನ್ನಂಥ ಸೊಸಿ ಪುಣ್ಯ ಮಾಡಿದವರಿಗೆ ಸಿಗತಾಳ" ಅಂತ ಹೆಂಗಸರು ನನ್ನ ಹೆಂಡತಿಗೆ ಅಂತಾರ. ಕೇಳಾಕ ಚಂದ. ಆದರ ಇದರಾಗ ಒಂದು ಗಂಟು ಐತಿ ನೋಡ್ರಿ. ಒಮ್ಮೆ ಪುಣ್ಯವಂತಿ ಅನಿಸಿಕೊಂಡಾಕಿ "ನನಗ ಸಾಕಾಗೈತಿ" ಅಂತ ಬಾಯಿ ಬಿಡಾಂಗಿಲ್ಲ. ಹೊಗಳಿದವರೇ ಆಕಿ ಬಾಯಿ ಹೊಲಿದಂಗ. ಅನುಮಾನದ್ದು ನೇರ ಬರಂಗಿಲ್ಲ, ಸುತ್ತಿ ಬರತೈತಿ. "ನೋಡಿಕೊಂಡವರಿಗೆ ನೀರಾವರಿ ಹೊಲ ಬರತೈತಿ ಬಿಡು" ಅನ್ನೋ ಮಾತು ಹೋಟೆಲ್ಲಿನಾಗ ಹುಟ್ಟಿ, ಸವಣೂರ ಕಡೆ ಕೊಟ್ಟ ನಮ್ಮ ಅಕ್ಕನ ಕಿವಿ ಮುಟ್ಟಿ, ಬೆಂಗಳೂರಾಗಿರೋ ಅಣ್ಣನ ಫೋನಿನಾಗ ತಿರುಗಿ ನಮ್ಮ ಮನಿಗೆ ಬಂತು. ಅಣ್ಣ ತಿಂಗಳಿಗೆ 5,000 ಕಳಸತಾನ. ಕಳಸೋದು ಸುಳ್ಳಲ್ಲ, ಅದು ಇಲ್ಲದಿದ್ದರ ಗುಳಿಗಿ, ಡೈಪರ್ ಖರ್ಚು ನಮಗ ಭಾರ ಆಗತಿತ್ತು. ಆದರ ರೊಕ್ಕಕ್ಕ ಲೆಕ್ಕ ಐತಿ, ರಾತ್ರಿ ಎರಡಕ್ಕ ಎದ್ದದ್ದಕ್ಕ ಲೆಕ್ಕ ಇಲ್ಲ. ಪಾಲಿನ ಮಾತು ಬಂದಾಗ ಲೆಕ್ಕ ಇದ್ದದ್ದು ಮುಂದ ಕೂಡತೈತಿ, ಲೆಕ್ಕ ಇಲ್ಲದ್ದು ಹಿಂದ.

ಕಾನೂನು ಏನು ಹೇಳತೈತಿ ಅಂತ ಕೇಳೋರಿಗೆ: ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಲ್ಲಿ ಬಂದದ್ದು. ಮಕ್ಕಳು ನೋಡಿಕೊಳ್ಳಲೇಬೇಕು ಅಂತೈತಿ, ನೋಡಿಕೊಳ್ಳೋ ಕರಾರಿನ ಮ್ಯಾಲ ಬರೆದುಕೊಟ್ಟ ಆಸ್ತಿಯನ್ನ ನೋಡಿಕೊಳ್ಳದಿದ್ದರ ರದ್ದು ಮಾಡಿಸಬಹುದು ಅಂತಾನೂ ಐತಿ. ಅದು ವಯಸ್ಸಾದವರ ಕಡಿಂದ ನೋಡೋ ಕಾಯ್ದೆ, ಹಂಗೇ ಇರಬೇಕು. ನೋಡಿಕೊಳ್ಳೋ ಸೊಸಿಗೆ ವಾರಕ್ಕೊಂದು ಮಧ್ಯಾಹ್ನ ನಿದ್ದಿ ಕೊಡೋದು ಕಾಯ್ದೆ ಕೆಲಸ ಅಲ್ಲ, ನಮ್ಮದು.

ಮಗಳು ಹುಬ್ಬಳ್ಳಿಯಾಗ ನರ್ಸಿಂಗ್ ಓದತಾಳ. ಹೋದ ರಜಾದಾಗ ಬಂದಾಕಿ ತನ್ನ ಪಾಠದ ಒಂದು ಸಂಗತಿ ಹೇಳಿದಳು. ನಾನು ಅದನ್ನ ಬರಕೊಂಡು ಇಟ್ಟೀನಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಅನ್ನುವವರು 1981ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಮಾನಸಿಕ ರೋಗಿ ಇರೋ ಮನಿಯವರ ಮೇಲೆ ಎಷ್ಟು ಹೊರೆ ಬಿದ್ದೈತಿ ಅಂತ ಅಳೆಯೋದು. ರೋಗಿಯನ್ನಲ್ಲ, ಮನಿಯವರನ್ನ ಕೇಳೋ ಪ್ರಶ್ನೆಗಳು. ಒಟ್ಟು 24, ಆರು ಗುಂಪು: ಹಣಕಾಸು, ಮನಿಯ ದಿನದ ನಡಾವಳಿ, ಮನಿಯವರ ಬಿಡುವು ಮತ್ತು ಹಬ್ಬ ಹುಣ್ಣಿಮಿ, ಮನಿಯವರು ಒಬ್ಬರಿಗೊಬ್ಬರು ಮಾತಾಡೋದು, ಉಳಿದವರ ಮೈ, ಉಳಿದವರ ಮನಸ್ಸು. ನಲವತ್ತು ವರ್ಷದ ಹಿಂದ ನಮ್ಮ ರಾಜ್ಯದಾಗನೇ ಇದನ್ನ ಯಾರೋ ಕುಂತು ಕೇಳಿದ್ದರು ಅನ್ನೋದೇ ನನಗ ಆಶ್ಚರ್ಯ. ನಮ್ಮ ಮನಿಗೆ ಬಂದ ನೂರು ಮಂದಿಯೊಳಗ "ಅಪ್ಪ ಹೆಂಗದಾನ" ಅಂತ ಎಲ್ಲರೂ ಕೇಳಿದರು. ಅವ್ವಗ "ನೀ ಹೆಂಗದೀಯವ್ವ" ಅಂತ ಕೇಳಿದವರು ನನ್ನ ಲೆಕ್ಕದಾಗ ಮೂರು ಮಂದಿ.

ನಮ್ಮ ಮನಿ ಆ ಆರು ಗುಂಪಿನಾಗ ಎಲ್ಲಿ ನಿಲ್ಲತೈತಿ ಅಂತ ನೋಡಿದೆ. ರೊಕ್ಕದ್ದು ಹೇಳಿಯಾತು. ದಿನದ ನಡಾವಳಿ ಅಂದ್ರ ಅಡಗಿ ಹೊತ್ತು, ಹಾಲು ಕರೆಯೋ ಹೊತ್ತು ಎಲ್ಲಾ ಅಪ್ಪನ ಹೊತ್ತಿಗೆ ಕೂಡಿಸಬೇಕು, ಎಮ್ಮಿ ಎರಡು ಇದ್ದದ್ದು ಒಂದು ಮಾಡಿದಿವಿ. ಬಿಡುವಿನ ಮಾತು ಬಂದಾಗ ನನಗ ಪಂಚಮಿ ನೆನಪಾತು. ನಮ್ಮ ಕಡೆ ಹೆಣ್ಣಿಗೆ ಪಂಚಮಿ ಅಂದ್ರ ತವರು, ಉಂಡಿ, ಜೋಕಾಲಿ. ನನ್ನ ಹೆಂಡತಿ ತವರು ಶಿಗ್ಗಾಂವಿ ತಾಲ್ಲೂಕು, ಬಸ್ಸಿನಾಗ ಮಧ್ಯಾಹ್ನದೊಳಗ ಮುಟ್ಟಬಹುದು. ಮೂರು ಪಂಚಮಿ ಆಕಿ ಹೋಗಿಲ್ಲ. ಅವರ ಅಣ್ಣ ಕರಿಯಾಕ ಬಂದು, ಪಡಸಾಲಿಯಾಗ ಕುಂತು, ಅಪ್ಪನ ಮಾರಿ ನೋಡಿ, ಕರೀಲಾರದ ಹೋದ.

ಮಾತುಕತಿ. ಇದು ಹೊರಗಿನವರಿಗೆ ಕಾಣಂಗಿಲ್ಲ. ನಾವು ಗಂಡ ಹೆಂಡತಿ ಮಾತಾಡೋದು ಗುಳಿಗಿ, ಡೈಪರ್, ಯಾರ ಪಾಳಿ, ಇಷ್ಟೇ ಆಗಿತ್ತು. ಅತ್ತಿ ಸೊಸಿ ಮೊದಲು ಜಗಳ ಆಡತಿದ್ದರು, ಈಗ ಜಗಳಾನೂ ಇಲ್ಲ. ಜಗಳ ಆಡಾಕೂ ಒಂದಿಷ್ಟು ತ್ರಾಣ ಬೇಕಲ್ಲ.

ಮೈಯಿದ್ದು ಹೇಳತೀನಿ. ಚಳಿಗಾಲದಾಗ ಈಳಿಗಿ ತಾಗಿ ಅವ್ವನ ಹೆಬ್ಬೆರಳಿಗೆ ಗಾಯ ಆತು, ಸಣ್ಣದು. ಎಷ್ಟು ದಿನ ಆದರೂ ಮಾಯಲಿಲ್ಲ. ಸಕ್ಕರಿ ರೋಗ ಇರಬೇಕು ಅಂತ ರಕ್ತ ತಪಾಸಿಸಿದರ ಅದು ಸರಿ ಇತ್ತು. ಆಗ ಮಗಳು ಇನ್ನೊಂದು ಹೇಳಿದಳು. 1995ರಲ್ಲಿ ಅಮೆರಿಕದ ಒಹಾಯೊದಾಗ ಜಾನಿಸ್ ಕೀಕೊಲ್ಟ್-ಗ್ಲೇಸರ್ ಅನ್ನೋ ಸಂಶೋಧಕಿ ಮತ್ತು ಜತೆಗಾರರು ಒಂದು ಪರೀಕ್ಷೆ ಮಾಡಿದರು. ಮರೆವಿನ ರೋಗ ಹತ್ತಿದ ಮನಿಯವರನ್ನ ನೋಡಿಕೊಳ್ಳೋ 13 ಹೆಂಗಸರು, ಹೆಚ್ಚುಕಡಿಮಿ ಅದೇ ವಯಸ್ಸಿನ, ಅಂಥ ಹೊರೆ ಇಲ್ಲದ ಇನ್ನೊಂದು 13 ಹೆಂಗಸರು. ಎಲ್ಲರ ತೋಳಿನ ಮ್ಯಾಲೂ 3.5 ಮಿಲಿಮೀಟರಿನ ಒಂದೇ ಅಳತೆಯ ಸಣ್ಣ ಗಾಯ ಮಾಡಿ, ಮಾಯೋದನ್ನ ಎಣಿಸಿದರು. ನೋಡಿಕೊಳ್ಳೋರ ಗಾಯ ಸರಾಸರಿ 9 ದಿನ ತಡವಾಗಿ ಮಾಯಿತು. ಮನಸ್ಸಿನ ದಣಿವು ಚರ್ಮದ ತನಕ ಇಳೀತೈತಿ ಅಂತಾತು. ನಮಗ ಇದು ಹೊಸದೇನಲ್ಲ, ನೀರಿಲ್ಲದ ಮಾವಿನ ಗಿಡಕ್ಕ ಕಸಿ ಕಟ್ಟಿದರ ಹತ್ತೋದಿಲ್ಲ. ಅವ್ವನ ಬೆರಳು ಇದೇ ಕಾರಣಕ್ಕ ತಡ ಆತು ಅಂತ ನಾ ಹೇಳಂಗಿಲ್ಲ, ದಿನಾ ನೀರಾಗ ಕೈ ಇರತಿತ್ತು. ಆದರ ಎರಡೂ ಒಂದೇ ತಿಂಗಳದಾಗ ನಮ್ಮ ಮನಿಗೆ ಬಂದವು.

ಆರನೇದು ಮನಸ್ಸು. ಇದನ್ನ ಬರೆಯೋದೋ ಬ್ಯಾಡೋ ಅಂತ ಅವ್ವನ್ನ ಕೇಳಿದೆ. "ಬರಿ, ನನ್ನಂಥವರು ಇನ್ನೊಬ್ಬರಿದ್ದರ ಓದಿಸಿಕೊಳ್ಳಲಿ" ಅಂದಳು.

ಶಿವರಾತ್ರಿ ಮುಂದಿನ ಒಂದು ರಾತ್ರಿ. ಅಪ್ಪ ರಾತ್ರಿಯೆಲ್ಲಾ ಬ್ಯಾಡ ಬ್ಯಾಡ ಅಂತ ಒಂದೇ ಸವನೆ. ಮೂರು ಸಲ ಹಾಸಿಗಿ ಬದಲಿಸಿದ್ದರು. ಅವ್ವ ಬಾಗಿಲಾಗ ನಿಂತು "ಶಿವನೇ, ಇವರನ್ನ ಲಗೂನ ಕರಕೋ" ಅಂದಳು. ನಾನು ಕೇಳಿಸಿಕೊಂಡೆ, ನನ್ನ ಹೆಂಡತಿ ಕೇಳಿಸಿಕೊಂಡಳು. ಅಪ್ಪ ಕೇಳಿಸಿಕೊಂಡನೋ ಇಲ್ಲೋ ಯಾರಿಗೂ ಗೊತ್ತಿಲ್ಲ. ಮುಂಜಾನಿ ನೋಡಿದರ ಅವ್ವ ದೇವರ ಮುಂದ ಕುಂತಾಳ, ಊಟ ಇಲ್ಲ, ನೀರಿಲ್ಲ. ಎರಡು ದಿನ ಹಿಂಗೇ. ಕೇಳಿದರ ಮಾತಿಲ್ಲ. ಆಕಿ ತನ್ನ ಬಾಯಿಂದ ಬಂದ ಮಾತಿಗೆ ತಾನೇ ದಂಡ ಕಟ್ಟಾಕತ್ತಿದ್ದಳು.

ಮೂರನೇ ದಿನ ಬಾಜು ಮನಿ ಕಾಕಿ ಬಳ್ಳೊಳ್ಳಿ ಸುಲಿಯಾಕ ಅಂತ ಬುಟ್ಟಿ ಹಿಡಕೊಂಡು ಬಂದಳು. ಇಬ್ಬರೂ ಸುಲಕೋತ ಕುಂತರು. ಎಷ್ಟೋ ಹೊತ್ತಿನ ಮ್ಯಾಲ ಅವ್ವ ಹೇಳಿದಳು. ಕಾಕಿ ಬಳ್ಳೊಳ್ಳಿ ಕೆಳಗ ಇಡಲಿಲ್ಲ, ಮಾರಿನೂ ಎತ್ತಲಿಲ್ಲ. "ನಮ್ಮತ್ತಿ ಆರು ವರ್ಷ ಬಿದ್ದಿದ್ದಳು. ನಾ ಹಂಗ ಎಷ್ಟು ಸಲ ಅಂದೀನಿ ಎಣಿಸಿಲ್ಲ. ಅಂದು, ಮತ್ತ ಎದ್ದು ಹೋಗಿ ಮೈ ಒರಸೀನಿ" ಅಂದಳು. ಅವ್ವ ಅವತ್ತು ಮಧ್ಯಾಹ್ನ ಉಂಡಳು.

ನಾನು ಹೇಳೋದು ಇಷ್ಟು. ಆ ಮಾತು ಪಾಪದ್ದಲ್ಲ. ಅದು ಪ್ರೀತಿ ತೀರಿದ್ದಕ್ಕ ಬರೋ ಮಾತೂ ಅಲ್ಲ, ನಿದ್ದಿ ತೀರಿದ್ದಕ್ಕ ಬರೋ ಮಾತು. ಆದರ ಆಡಿದವರಿಗೆ ಇದನ್ನ ಗಂಡಸು ಮಗ ಹೇಳಿದರ ಉಪಯೋಗ ಇಲ್ಲ. ಇಬ್ಬರೇ ಕುಂತಾಗ, ಕೈಯಾಗ ಕೆಲಸ ಇದ್ದಾಗ, ಅದನ್ನ ಅನುಭವಿಸಿದವರೇ ಹೇಳಬೇಕು. ನಿಮ್ಹಾನ್ಸಿನವರ ಪ್ರಶ್ನಾವಳಿಯಾಗ ಕೊನೆಗೆ ಇನ್ನೊಂದು ಪ್ರಶ್ನೆ ಐತಂತ. ಖರ್ಚು, ಕೆಲಸ ಎಲ್ಲಾ ಕೇಳಿದ ಮ್ಯಾಲ, ಇದರಿಂದ ನೀವು ಎಷ್ಟು ನೊಂದೀರಿ ಅಂತ ಮನಿಯವರನ್ನೇ ಕೇಳೋದು. ಯಾಕಂದ್ರ ಹೊರೆಯ ತೂಕ ಒಂದು, ಹೊತ್ತವರಿಗೆ ಅನಿಸೋ ತೂಕ ಇನ್ನೊಂದು. ಒಂದೇ ಚೀಲ ಗೊಬ್ಬರ ಒಬ್ಬಾತನಿಗೆ ಹಗುರ, ಒಬ್ಬಾತನಿಗೆ ಭಾರ ಯಾಕ ಆಗತೈತಿ ಅಂತ ನಮಗ ಗೊತ್ತು: ಎತ್ತಿ ಕೊಡಾಕ ಒಬ್ಬ ಇದ್ದರ ಬೆನ್ನಿಗೆ ಹೊರಿ ತಿಳಿಯಂಗಿಲ್ಲ.

ಗಂಡಸರ ಸುದ್ದಿನೂ ಹೇಳಬೇಕು. ಹಿರೇಕೆರೂರು ಕಡೆ ನನಗ ಗೊತ್ತಿರೋ ಒಬ್ಬ ರೈತ ತನ್ನ ಹೆಂಡತಿಯನ್ನ ಏಳು ವರ್ಷದಿಂದ ತಾನೇ ನೋಡಿಕೊಂಡು ಬಂದಾನ. ತಲಿ ಬಾಚತಾನ, ಸೀರಿ ಉಡಸತಾನ. ಯಾರಿಗೂ ಹೇಳಂಗಿಲ್ಲ. ಯಾರರ ಫೋನ್ ಮಾಡಿದರ "ಹೊಲದಾಗದೀನಿ" ಅಂತಾನ. ಹೆಂಗಸು ಮಾಡಿದರ ಅದು ಆಕಿ ಧರ್ಮ, ಗಂಡಸು ಮಾಡಿದರ ಅದು ಅವನ ಹಣೇಬಾರ ಅಂತ ಊರು ನಗತೈತಿ. ಎರಡೂ ಕಡೆ ನೋಡಿಕೊಳ್ಳೋರು ಒಬ್ಬರೇ.

ಈಗ ನಮ್ಮೂರ ಮಾತಿಗೆ ಬರತೀನಿ. ಅಕ್ಕಿಆಲೂರಿಗೆ ರಕ್ತದಾನಿಗಳ ತವರು ಅಂತ ಹೆಸರು. ಯಾರಿಗಾದರೂ ರಕ್ತ ಬೇಕು ಅಂದ್ರ ನಮ್ಮೂರ ಹುಡುಗರು ಬೈಕ್ ಹತ್ತಿ ಹಾವೇರಿಗೆ, ಹುಬ್ಬಳ್ಳಿಗೆ ಹೋಗಿ ಕೊಟ್ಟು ಬರತಾರ. ಥಲಸ್ಸೇಮಿಯಾ ಇರೋ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಆ ಮಕ್ಕಳ ತಾಯಿ ತಂದಿಗೆ ಈ ಹುಡುಗರು ಎಷ್ಟು ದೊಡ್ಡ ಆಸರಾ ಅಂತ ಅವರನ್ನೇ ಕೇಳ್ರಿ. ನನಗ ಇದರ ಬಗ್ಗೆ ಹೆಮ್ಮಿ ಐತಿ. ಅದಕ್ಕನೇ ಕೇಳತೀನಿ: ಒಂದು ಬಾಟ್ಲಿ ರಕ್ತ ಕೊಡೋ ಊರಿಗೆ ಎರಡು ತಾಸು ಹೊತ್ತು ಕೊಡೋದು ಯಾಕ ಕಷ್ಟ? ಕರೆಯೋರು ಇಲ್ಲ, ಅದಕ್ಕ. ರಕ್ತ ಬೇಕಾದವರು ಬಾಯಿ ಬಿಟ್ಟು ಕೇಳತಾರ. ನಿದ್ದಿ ಬೇಕಾದವರು ಕೇಳಂಗಿಲ್ಲ.

ಕೇಳೋ ದಾರಿ ನಮ್ಮ ಹಿರಿಯರು ಮಾಡಿಟ್ಟಿದ್ದು ಐತಿ. ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕ ನಾವು, ನಾಳೆ ನಮ್ಮ ಹೊಲಕ್ಕ ನೀವು. ಇದರಾಗ ಉಪಕಾರ ಇಲ್ಲ, ಹಂಗು ಇಲ್ಲ, ಕೈ ಒಡ್ಡೋದು ಇಲ್ಲ. ಲೆಕ್ಕ ಐತಿ. ಲೆಕ್ಕ ಇರೋದ್ರಿಂದಲೇ ಅದು ನಡೀತೈತಿ. ಅವ್ವ ಯಾರ ಉಪಕಾರಾನೂ ತಗೊಳ್ಳೋ ಹೆಣ್ಣಲ್ಲ, ಆದರ ಮುಯ್ಯಿ ಅಂದ ಕೂಡಲೇ ಒಪ್ಪಿದಳು.

ಯುಗಾದಿ ಆದ ಮ್ಯಾಲ ನಮ್ಮ ಓಣಿಯಾಗ ನಾಲ್ಕು ಮನಿ ಕೂಡಿದಿವಿ. ನಾಲ್ಕರಾಗ ಮೂರು ಮನಿಯಾಗ ಹಾಸಿಗಿ ಹಿಡಿದವರೋ, ಮರೆವು ಬಂದವರೋ ಅದಾರ. ನಾಲ್ಕನೇದು ಬಳ್ಳೊಳ್ಳಿ ಕಾಕಿ ಮನಿ, ಅಲ್ಲಿ ಈಗ ಯಾರೂ ಇಲ್ಲ, ಆದರ ಆಕಿಗೆ ಟ್ರ್ಯಾಕ್ಟರ್ ಬೇಕು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಎರಡರಿಂದ ಐದು. ಬಂದವರು ಬೀಗರಲ್ಲ, ಅವರಿಗೆ ಚಾ ಇಲ್ಲ. ಔಷಧದ ಮಾತು ಆಡಂಗಿಲ್ಲ. ಹೇಸಿಗಿ ಕೆಲಸ ಮನಿಯವರು ಮುಗಿಸಿ ಇಟ್ಟಿರಬೇಕು. ಬಂದವರು ಮಗ್ಗಲು ಬದಲಿಸೋದು, ನೀರು ಕೊಡೋದು, ಬಾಜೂಕ ಕೂಡೋದು. ಹೆಣ್ಣುಮಕ್ಕಳು ಹಾಸಿಗಿ ಹಿಡಿದಿದ್ದರ ಹೆಣ್ಣುಮಕ್ಕಳೇ ಹೋಗಬೇಕು. ಎಲ್ಲಾಕ್ಕಿಂತ ಮುಖ್ಯ, ನೋಡಿಕೊಳ್ಳೋರು ಆ ಮೂರು ತಾಸು ಮನಿ ಬಿಟ್ಟು ಹೊರಗ ಹೋಗಲೇಬೇಕು. ಮನ್ಯಾಗ ಇದ್ದರ ಕಸ ಹೊಡಿಯಾಕ ಶುರು ಮಾಡತಾರ.

ಮೊದಲ ಮಂಗಳವಾರ ಅವ್ವ ಎದುರು ಮನಿ ಕಟ್ಟಿ ಮ್ಯಾಲ ಕುಂತು ಮೂರು ತಾಸೂ ನಮ್ಮ ಬಾಗಿಲನ್ನೇ ನೋಡಿದಳು. ಎರಡನೇ ವಾರಾನೂ ಅಷ್ಟೇ. ಮೂರನೇ ವಾರ ಕಟ್ಟಿ ಮ್ಯಾಲೇ ಕಣ್ಣು ಮುಚ್ಚಿದಳು. ಈಗ ಹೊಲಕ್ಕ ಬರತಾಳ. ಬದುವಿನಾಗ ನಿಂತು, ಎಡಿ ಸರಿ ಹೊಡದಿಲ್ಲ ಅಂತ ನನಗ ಬೈತಾಳ. ಮೂರು ವರ್ಷದಾಗ ನಾ ಬೈಸಿಕೊಂಡಿರಲಿಲ್ಲ.

ಎಲ್ಲಾ ನೆಟ್ಟಗ ನಡದೈತಿ ಅಂತ ತಿಳಕೋಬ್ಯಾಡ್ರಿ. ಬಿತ್ತಿಗಿ ಹದಿನೈದು ದಿನ ಪೂರಾ ನಿಂತಿತ್ತು, ಹೊತ್ತು ಯಾರಲ್ಲಿ ಇತ್ತು? ಒಂದು ಮನಿಯವರು ಬಿಟ್ಟರು. ತಮ್ಮ ತಂದಿಯನ್ನ ಬ್ಯಾರೆಯವರು ಆ ಸ್ಥಿತಿಯಾಗ ನೋಡೋದು ಅವರಿಗೆ ಸೇರಲಿಲ್ಲ. ಅದು ಅವರ ಮರ್ಯಾದಿ, ಒತ್ತಾಯ ಮಾಡಲಿಲ್ಲ. ಅವರ ಜಾಗಕ್ಕ ಹಿಂದಿನ ಓಣಿಯವರು ಒಬ್ಬರು ಬಂದಾರ. ಅಲ್ಲಿರೋ ಅಜ್ಜಗ ಮರೆವು. ತನ್ನ ಹೆಂಡತಿಯನ್ನೇ "ಈಕಿ ಯಾರು" ಅಂತ ಕೇಳತಾನ. ಆ ಆಯಿಗೆ ಕೆಲಸದ ಭಾರ ಕಡಿಮಿ, ಅಜ್ಜ ನಡದಾಡತಾನ. ಆದರ ಐವತ್ತು ವರ್ಷ ಬಾಳೇವು ಮಾಡಿದವ ಎದುರಿಗೇ ಇದ್ದೂ ಇಲ್ಲದಂಗ. ಸತ್ತಿದ್ದರ ಅಳಬಹುದಿತ್ತು, ಇದ್ದಾಗ ಅಳೋ ಹಂಗಿಲ್ಲ ಅಂತಾಳ.

ಅಣ್ಣನ ಮಾತು ಅರ್ಧಕ್ಕ ಬಿಟ್ಟಿದ್ದೆ. ಪಾಲಿನ ಸುದ್ದಿ ಬಂದಾಗ ನಾವು ಜಗಳಕ್ಕ ಹೋಗಲಿಲ್ಲ. ದೀಪಾವಳಿಗೆ ಬಂದಾಗ ಒಂದು ನೋಟಬುಕ್ ಕೈಯಾಗ ಕೊಟ್ಟೆ. ಅದರಾಗ ಮಗಳು ಒಂದು ವಾರದ ರಾತ್ರಿ ಪಾಳಿ ಬರೆದಿಟ್ಟಿದ್ದಳು, ಎಷ್ಟಕ್ಕ ಯಾರು ಎದ್ದರು, ಏನು ಮಾಡಿದರು. ಅಣ್ಣ ಓದಿದ, ಏನೂ ಅನಲಿಲ್ಲ, "ಈ ವಾರ ರಾತ್ರಿ ನಂದು" ಅಂದ. ಒಳ್ಳೆ ಮನುಷ್ಯ ಅವ, ದೂರ ಇದ್ದಾನ ಅಷ್ಟೇ. ಮೂರನೇ ರಾತ್ರಿ ಕಳೆದ ಮ್ಯಾಲ ಹೊಲದ ಮಾತು ಅವನ ಬಾಯಾಗ ಬಂದಿಲ್ಲ. ಅಕ್ಕನಿಗೆ ಫೋನ್ ಮಾಡಿ ಏನು ಹೇಳಿದನೋ, ಆಕಿನೂ ಈಗ ಬಂದರ "ಅಪ್ಪ ಸೊರಗ್ಯಾನ" ಅಂತ ಶುರು ಮಾಡೋದು ಬಿಟ್ಟು, ಸೆರಗು ಸಿಗಸಿ ಬಚ್ಚಲಕ್ಕ ಹೋಗತಾಳ. ದೂರದಾಗಿರೋ ಮಕ್ಕಳಿಗೆ ರೊಕ್ಕ ಕೇಳಬ್ಯಾಡ್ರಿ ಅಂತ ಅಲ್ಲ. ರೊಕ್ಕದ ಜತಿಗೆ ವರ್ಷಕ್ಕ ಹತ್ತು ರಾತ್ರಿ ಕೇಳ್ರಿ.

ಸರ್ಕಾರದ್ದು ಏನೈತಿ ಅಂತ ಕೇಳತೀರಿ. 2024-25ರ ರಾಜ್ಯ ಬಜೆಟ್ಟಿನಾಗ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರೋರನ್ನ ನೋಡಿಕೊಳ್ಳೋರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಘೋಷಣೆ ಆತು. ಲಕ್ವಾ ಆ ಪಟ್ಟಿಯಾಗ ಇಲ್ಲ, ನಮಗ ಬರಂಗಿಲ್ಲ. ನಿಮ್ಮ ಮನ್ಯಾಗ ಆ ನಾಲ್ಕರಾಗ ಯಾವುದರ ಇದ್ದರ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಕೇಳ್ರಿ. ಮಾತಾಡಾಕ ಯಾರೂ ಇಲ್ಲದವರಿಗೆ ಟೆಲಿ ಮಾನಸ್ ಅಂತ ಐತಿ, 2022ರ ಅಕ್ಟೋಬರಿನಾಗ ಶುರು ಆದದ್ದು, ನಂಬರ್ 14416. ಪುಕ್ಕಟೆ, ಹಗಲು ರಾತ್ರಿ, ಕನ್ನಡದಾಗ ಮಾತಾಡತಾರ. ಇದು ಬರೇ ರೋಗಿಗೆ ಅಲ್ಲ, ನೋಡಿಕೊಳ್ಳೋರೂ ಮಾಡಬಹುದು. ನಿದ್ದಿನೇ ಬರದಂಗ ಆಗಿದ್ದರ, ಊಟ ಸೇರದಿದ್ದರ, ಬಾವಿ ಹಗ್ಗದ ಕಡೆ ಮನಸ್ಸು ಹೊಳ್ಳತಿದ್ದರ ಓಣಿಯ ಮುಯ್ಯಿ ಸಾಲಂಗಿಲ್ಲ, ಡಾಕ್ಟರ ಹತ್ತಿರನೇ ಹೋಗಬೇಕು. ಧಾರವಾಡದಾಗ ಡಿಮ್ಹಾನ್ಸ್ ಐತಿ. ಅಲ್ಲಿಗೆ ಹೋದವರೆಲ್ಲಾ ಹುಚ್ಚರು ಅನ್ನೋ ಮಾತು ನಮ್ಮ ಊರಾಗ ಇನ್ನೂ ಐತಿ. ಬೆನ್ನುನೋವಿಗೆ ಹೋದಂಗ ಹೋಗಿ ಬರ್ರಿ, ಹೇಳೋರು ಹೇಳಲಿ.

ಈ ಸಲದ ಪಂಚಮಿಗೆ ನನ್ನ ಹೆಂಡತಿ ಎರಡು ದಿನ ತವರಿಗೆ ಹೊಂಟಾಳ. ಉಂಡಿಗೆ ಶೇಂಗಾ ಹುರಿದಾಗೈತಿ. ಓಣಿಯ ಮುಯ್ಯಾಳು ಆ ದಿನ ಸಿಗಂಗಿಲ್ಲ, ಎಲ್ಲರ ಮನಿಗೂ ಹೆಣ್ಣುಮಕ್ಕಳು ಬರತಾರ. ಅದಕ್ಕ ಅಣ್ಣ ಬೆಂಗಳೂರಿನಿಂದ ಬಸ್ ಬುಕ್ ಮಾಡ್ಯಾನ, ರಾತ್ರಿ ಅವನದು, ಹಗಲು ನನ್ನದು, ಅವ್ವ ಇದ್ದೇ ಇರತಾಳ. ಆ ಹಿಂದಿನ ಓಣಿಯ ಅಜ್ಜನ ಮನ್ಯಾಗ ಶುಕ್ರವಾರ ನನ್ನ ಪಾಳಿ. ಅವಗ ಪೇಪರ್ ಓದಿ ಹೇಳಬೇಕು, ಅದೂ ಬರೇ ಪ್ಯಾಟಿ ದರ. ಗೋವಿನಜೋಳದ ದರ ಹೇಳಿದರ "ಸುಳ್ಳು" ಅಂತಾನ, ಒಂದೊಂದು ಸಲ ಅವ ಹೇಳೋದೇ ಖರೆ ಅನಿಸತೈತಿ. ಮಳಿ ಹೊರಪಾದರ ಶನಿವಾರ ಬತ್ತದ ಕಳೆ. ಯಾರರ ಮುಯ್ಯಿಗೆ ಬರೋರಿದ್ದರ ಹೇಳ್ರಿ, ಹೊಲದ್ದಾದರೂ ಸರಿ, ಮನಿದಾದರೂ ಸರಿ.